ಬೀಜಕ್ಕೂ ಉಳಿಸೋಣ

"ಫೋಟೋ ತೆಗೆದರೆ ಹೂವಿಗೇನು ನಷ್ಟ ಟೀಚರ್?" ಎಂದು ಕೇಳುವವರಿದ್ದಾರೆ. ಕ್ಯಾಮೆರಾದಿಂದ ನಷ್ಟವಿಲ್ಲ, ಅದನ್ನು ಹಿಡಿದವರ ಕಾಲಿನಿಂದ ಇದೆ. ನನಗೂ ಹೂಗಳ ಫೋಟೋ ತೆಗೆಯುವ ಹುಚ್ಚಿದೆ, ಆದ್ದರಿಂದಲೇ ಹೇಳುತ್ತಿದ್ದೇನೆ.

2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಗಳಲ್ಲಿ ನೀಲಕುರಿಂಜಿ ಅರಳಿದಾಗ ಎಷ್ಟೋ ಜನ ಹಾದಿ ಬಿಟ್ಟು ಗಿಡಗಳ ನಡುವೆ ನುಗ್ಗಿದರು, ಗೊಂಚಲು ಕಿತ್ತು ಹಿಡಿದು ಫೋಟೋ ತೆಗೆಸಿಕೊಂಡರು. ಹಿತ್ತಲ ದಾಸವಾಳ ಕಿತ್ತರೆ ನಾಳೆ ಇನ್ನೊಂದು ಮೊಗ್ಗು ಬಿರಿಯುತ್ತದೆ. ಕುರಿಂಜಿ ಹಾಗಲ್ಲ. ಹನ್ನೆರಡು ವರ್ಷ, ಅಂದರೆ ಒಂದನೇ ತರಗತಿಗೆ ಸೇರಿದ ಮಗು ಪಿಯುಸಿ ಮುಗಿಸುವಷ್ಟು ಕಾಲ ಬೆಳೆದು, ಒಮ್ಮೆ ಮಾತ್ರ ಅರಳಿ, ಬೀಜ ಉದುರಿಸಿ ಸಾಯುವ ಗಿಡ ಅದು. ಬೀಜ ಕಟ್ಟುವ ಮೊದಲೇ ತುಳಿದರೆ ಅದರ ವಂಶವೇ ಅಲ್ಲಿಗೆ ಮುಗಿಯಿತು.

"ನಾನೊಬ್ಬಳು ಒಂದು ಗೊಂಚಲು ಕಿತ್ತರೇನು?" ಎನ್ನಬೇಡಿ. ಹಿಂದೆ ಬರುವ ನೂರು ಮಂದಿಯೂ ಅದನ್ನೇ ಹೇಳುತ್ತಾರೆ. ಹಸಿವಿನಲ್ಲೂ ಬಿತ್ತನೆಯ ಭತ್ತ ಕುಟ್ಟದ ಅಜ್ಜಿಯರ ಮೊಮ್ಮಕ್ಕಳು ನಾವು. ಹಾದಿಯಂಚಿನಲ್ಲೇ ನಿಂತು ಫೋಟೋ ತೆಗೆಯಿರಿ. ತೀರಾ ಹತ್ತಿರದಿಂದಲೇ ತೆಗೆಯಬೇಕೆಂದರೆ ನಿಮ್ಮ ಕಾಂಪೌಂಡಿನ ಬುಡದಲ್ಲಿ ತುಂಬೆಯಿದೆ, ಮುಟ್ಟಿದರೆ ಮುನಿಯಿದೆ. ಬಗ್ಗಿ ನೋಡಿ, ಅವೂ ಚೆಲುವಾಗಿಯೇ ಇವೆ. 2034ರ ಸುಮಾರಿಗೆ ಗಿರಿ ಹತ್ತುವ ಹುಡುಗಿಗೆ ನಮ್ಮ ಆಲ್ಬಮ್ ತೋರಿಸಿದರೆ ಸಾಲದು, ಹೂವೇ ಸಿಗಬೇಕು.