ಹಾವಿನ ಮಂತ್ರ



ಹಾವಿನ ಮಂತ್ರಗಳಲ್ಲಿ ಯಾವುದು ಫಲಕಾರಿ, ಗ್ರಹಣಕಾಲದಲ್ಲಿ ಜಪಿಸಿದರೆ ಸಿದ್ಧಿಸುವುದೇ ಎಂದು ಭೀಮರಾಯನಗುಡಿಯ ಗೃಹಸ್ಥರೊಬ್ಬರು ಕೇಳಿರುವರು. ಕಾಲುವೆಯ ನೀರು ಹರಿದ ಗದ್ದೆಗಳಲ್ಲಿ ಇಲಿಯುಂಟು, ಇಲಿಯಿದ್ದಲ್ಲಿ ಹಾವುಂಟು. ಅವರ ಚಿಂತೆ ಅಕಾರಣವಲ್ಲ.

ಮಂತ್ರದಿಂದ ಬದುಕಿದರೆನ್ನುವವರಲ್ಲಿ ಅನೇಕರನ್ನು ಕಚ್ಚಿದ್ದು ವಿಷವಿಲ್ಲದ ಹಾವು. ವಿಷದ ಹಾವೂ ಒಮ್ಮೊಮ್ಮೆ ವಿಷವಿಳಿಸದೆ ಕಚ್ಚುವುದುಂಟು. ಕೀರ್ತಿ ಮಾತ್ರ ಮಂತ್ರಕ್ಕೆ! ಕಟ್ಟುಹಾವಾದರೋ, ಹೆಚ್ಚು ನೋವಾಗಲಿ ಊತವಾಗಲಿ ತೋರದೆ, ನೆಲದಲ್ಲಿ ಮಲಗಿದವನ ಉಸಿರನ್ನೇ ನಿಲ್ಲಿಸಬಲ್ಲುದು. ಜಪದಲ್ಲಿ ಕಳೆದ ಗಳಿಗೆ ಮರಳಿ ಬಾರದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಕುದುರೆಯ ರಕ್ತದಿಂದ ಸಿದ್ಧಪಡಿಸಿದ ಪ್ರತಿವಿಷವೊಂದಿದೆ. ಚಿಕಿತ್ಸೆಯನ್ನು ತಡೆದು ಮಂತ್ರ ಹಾಕುವುದು 2017ರ ರಾಜ್ಯ ಕಾಯಿದೆಯಂತೆ ಅಪರಾಧವೂ ಹೌದು.

ಕಚ್ಚಿದ ಅಂಗವನ್ನು ಕದಲಿಸದೆ, ಬಿಗಿದು ಕಟ್ಟದೆ, ಕೊಯ್ಯದೆ ಶಹಾಪುರದ ಆಸ್ಪತ್ರೆಗೆ ಒಯ್ಯಿರಿ. ಜಪಿಸಲೇಬೇಕೆಂಬವರು ದಾರಿಯಲ್ಲಿ ಜಪಿಸಲಿ.