ನೋವು ಯಾರದೋ ಗುಂಡಿಯೂ ಅವರದೇ

ಹೊಟ್ಟೆಯ ದೊಡ್ಡ ಶಸ್ತ್ರಕ್ರಿಯೆ ಮುಗಿಸಿಕೊಂಡು ತಾಯಿ ವಾರ್ಡಿಗೆ ಬಂದಿದ್ದಾಳೆ. ಮಂಚದ ಪಕ್ಕದ ಕಂಬಕ್ಕೆ ಬಿಗಿದ ಸಣ್ಣದೊಂದು ಯಂತ್ರ. ಅದರಿಂದ ಹೊರಟ ತಂತಿಯ ತುದಿಯಲ್ಲಿ, ಅವಳ ಅಂಗೈಯೊಳಗೆ, ಒಂದು ಗುಂಡಿ. ನೋವಾದಾಗ ಅದನ್ನು ಒತ್ತಿದರೆ ಔಷಧವು ನೇರವಾಗಿ ರಕ್ತನಾಳವನ್ನು ಸೇರುವುದೆಂದು ಹೇಳಿ ದಾದಿ ಹೋಗಿದ್ದಾರೆ. ರಾತ್ರಿ ಎರಡು ಗಂಟೆ. ತಾಯಿಗೆ ಜೊಂಪು ಹತ್ತಿದೆ. ಜೊಂಪಿನಲ್ಲೇ ಮುಖ ಕಿವಿಚುತ್ತಾಳೆ, ಸಣ್ಣಗೆ ನರಳುತ್ತಾಳೆ. ಪಕ್ಕದ ಬೆಂಚಿನಲ್ಲಿ ಕುಳಿತ ಮಗಳ ಕರುಳು ಚುರುಕ್ಕೆನ್ನುತ್ತದೆ. ಗುಂಡಿ ಅಲ್ಲೇ ಇದೆ. ತಾಯಿಯ ಬದಲು ತಾನು ಒತ್ತಿದರೆ ತಪ್ಪೇನು?

ತಪ್ಪು ಇದೆ, ಅದು ಸಣ್ಣದೂ ಅಲ್ಲ. ಏಕೆಂಬುದು ತಿಳಿಯಬೇಕಾದರೆ ಯಂತ್ರದ ಒಳಗುಟ್ಟನ್ನು ಸ್ವಲ್ಪ ವಿಚಾರಿಸಬೇಕು.

ಈ ಯಂತ್ರ ಬರುವುದಕ್ಕೆ ಮುಂಚೆ ಶಸ್ತ್ರಕ್ರಿಯೆಯ ಅನಂತರದ ನೋವಿಗೆ ಇದ್ದ ಕ್ರಮ, ಅನೇಕ ಕಡೆ ಇಂದಿಗೂ ಇರುವ ಕ್ರಮ, ಇಷ್ಟೇ: ಮಾರ್ಫಿನ್ ಅಥವಾ ಪೆಥಿಡಿನ್, ನಾಲ್ಕು ಗಂಟೆಗೊಮ್ಮೆ, ಬೇಕೆನಿಸಿದರೆ, ಸ್ನಾಯುವಿಗೆ ಒಂದು ಚುಚ್ಚುಮದ್ದು. 'ಬೇಕೆನಿಸಿದರೆ' ಎಂಬ ಒಂದು ಮಾತಿನಲ್ಲಿ ಎಲ್ಲ ತೊಡಕೂ ಅಡಗಿದೆ. ಯಾರಿಗೆ ಬೇಕೆನಿಸಿದರೆ? ರೋಗಿ ಕರೆಯಬೇಕು, ದಾದಿ ಬರಬೇಕು, ಬೀಗದ ಕಪಾಟನ್ನು ತೆರೆದು, ಪುಸ್ತಕದಲ್ಲಿ ಬರೆದು, ಇನ್ನೊಬ್ಬರ ರುಜು ಪಡೆದು ಸಿರಿಂಜನ್ನು ತುಂಬಬೇಕು. ಚುಚ್ಚಿದ ಮೇಲೂ ಮದ್ದು ಸ್ನಾಯುವಿನಿಂದ ರಕ್ತಕ್ಕೆ ಇಳಿಯುವವರೆಗೆ ರೋಗಿ ಹಲ್ಲು ಕಚ್ಚಿಕೊಂಡು ಕಾಯಬೇಕು. ಬಳಿಕ ಕೆಲಹೊತ್ತು ಮಂಪರು, ಕೆಲಹೊತ್ತು ನೆಮ್ಮದಿ, ಮತ್ತೆ ನೋವು, ಮತ್ತೆ ಕರೆ. ಆಸ್ಟ್ರೇಲಿಯದ ವೈದ್ಯರು 1980ರಲ್ಲಿ ರಕ್ತ ಪರೀಕ್ಷಿಸಿ ನೋಡಿದಾಗ, ಹೀಗೆ ಕೊಟ್ಟ ಪೆಥಿಡಿನ್ ನೋವನ್ನು ಅಡಗಿಸುವಷ್ಟು ಪ್ರಮಾಣದಲ್ಲಿ ರಕ್ತದಲ್ಲಿ ಇದ್ದದ್ದು ನಾಲ್ಕು ಗಂಟೆಗಳಲ್ಲಿ ಸುಮಾರು ಶೇಕಡ 35ರಷ್ಟು ಕಾಲ ಮಾತ್ರ. ಮಿಕ್ಕ ಹೊತ್ತೆಲ್ಲ ಸೂಜಿ ಚುಚ್ಚಿಸಿಕೊಂಡದ್ದೇ ಲಾಭ!

ಇನ್ನೊಂದು ತೊಡಕೂ ಉಂಟು. ಒಬ್ಬರಿಗೆ ಧಾರಾಳವಾದ ಪ್ರಮಾಣ ಮತ್ತೊಬ್ಬರಿಗೆ ಏನೇನೂ ಸಾಲದು. ಅದೇ ಪ್ರಮಾಣ ಮೂರನೆಯವರ ಉಸಿರನ್ನೇ ಕುಗ್ಗಿಸೀತು. ಮೈತೂಕವನ್ನು ನೋಡಿ ಇದನ್ನು ಊಹಿಸಲಾಗುವುದಿಲ್ಲ. ನೋವನ್ನು ಅಳೆಯುವ ಉಷ್ಣಮಾಪಕದಂಥ ಉಪಕರಣವೂ ಇಲ್ಲ. ಹಾಗಾದರೆ ಅಳತೆಗೋಲನ್ನು ನೋಯುವವರ ಕೈಗೇ ಕೊಟ್ಟರೇನು? ಅಮೆರಿಕದ ಅರಿವಳಿಕೆ ತಜ್ಞ ಫಿಲಿಪ್ ಸೆಚ್‌ಜರ್ ಇದನ್ನು ಪರೀಕ್ಷಿಸಿ ನೋಡಿದರು. 1968ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ರೋಗಿ ಕೇಳಿದಾಗಲೆಲ್ಲ ದಾದಿಯೇ ಪುಟ್ಟ ಪ್ರಮಾಣದ ಮದ್ದನ್ನು ರಕ್ತನಾಳಕ್ಕೆ ಕೊಡುತ್ತಿದ್ದರು. 1971ರ ಹೊತ್ತಿಗೆ ಆ ಕೆಲಸ ಯಂತ್ರಕ್ಕೆ ಬಂತು. ಬ್ರಿಟನ್ನಿನ ಕಾರ್ಡಿಫ್ ನಗರದ ವೈದ್ಯಶಾಲೆಯಲ್ಲಿ ರೂಪುಗೊಂಡ 'ಕಾರ್ಡಿಫ್ ಪ್ಯಾಲಿಯೇಟರ್' 1976ರಲ್ಲಿ ಮಾರಾಟಕ್ಕೆ ಬಂದ ಮೊದಲ ಯಂತ್ರ.

ಇಂದಿನ ಯಂತ್ರದ ಹೃದಯವೆಂದರೆ ಬೀಗ ಹಾಕಿದ ಪೆಟ್ಟಿಗೆಯೊಳಗಿನ ಒಂದು ದೊಡ್ಡ ಸಿರಿಂಜು. ಗುಂಡಿ ಒತ್ತಿದೊಡನೆ ಪುಟ್ಟ ಮೋಟಾರು ತಿರುಪನ್ನು ತಿರುಗಿಸಿ ಸಿರಿಂಜಿನ ಹಿಡಿಕೆಯನ್ನು ಕೂದಲೆಳೆಯಷ್ಟು ಮುಂದೆ ತಳ್ಳುತ್ತದೆ. ಸಾಮಾನ್ಯವಾಗಿ 1 ಮಿಲಿಗ್ರಾಂ ಮಾರ್ಫಿನ್ ರಕ್ತನಾಳಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಐದರಿಂದ ಹತ್ತು ನಿಮಿಷಗಳವರೆಗೆ ಎಷ್ಟು ಸಲ ಒತ್ತಿದರೂ ಯಂತ್ರ ಕಿವುಡು. ಇದನ್ನು ತಡೆಗಾಲ ಎನ್ನೋಣ. ಒತ್ತಿದ ಮದ್ದು ಮಿದುಳನ್ನು ಮುಟ್ಟಿ ತನ್ನ ಗುಣವನ್ನು ತೋರುವುದಕ್ಕೆ ಹೊತ್ತು ಬೇಕು. ಅದಕ್ಕೆ ಮೊದಲೇ 'ಏನೂ ಆಗಲಿಲ್ಲ' ಎಂದು ಮತ್ತೆ ಮತ್ತೆ ತೆಗೆದುಕೊಳ್ಳದಂತೆ ಈ ತಡೆ. ತಡೆಗಾಲ ಹತ್ತು ನಿಮಿಷವಾದರೆ ಎಷ್ಟೇ ಒತ್ತಿದರೂ ಗಂಟೆಗೆ 6 ಮಿಲಿಗ್ರಾಂಗಿಂತ ಹೆಚ್ಚು ಹೋಗುವಂತಿಲ್ಲ.

ಕಿವುಡಾದರೂ ಯಂತ್ರ ಲೆಕ್ಕವನ್ನು ಮಾತ್ರ ಬಿಡುವುದಿಲ್ಲ. ಎಷ್ಟು ಸಲ ಒತ್ತಿದರು, ಎಷ್ಟು ಸಲ ಮದ್ದು ಹೋಯಿತು ಎಂಬ ಎರಡನ್ನೂ ಬರೆದಿಟ್ಟುಕೊಳ್ಳುತ್ತದೆ. ಹತ್ತು ಸಲ ಒತ್ತಿ ಒಂಬತ್ತು ಸಲ ಸಿಕ್ಕಿದ್ದರೆ ಸರಿ. ನಲವತ್ತು ಸಲ ಒತ್ತಿ ಆರು ಸಲ ಸಿಕ್ಕಿದ್ದರೆ ಆ ರೋಗಿ ನೋವಿನಲ್ಲಿ ಒದ್ದಾಡುತ್ತಿರಬೇಕು. ಇಲ್ಲವೆ ಅದನ್ನು ದಾದಿಯನ್ನು ಕರೆಯುವ ಗಂಟೆಯೆಂದು ತಿಳಿದಿರಬೇಕು! ಎರಡನೆಯದೂ ಅಪರೂಪವಲ್ಲ.

ಆದರೆ ತಡೆಗಾಲವೊಂದೇ ರಕ್ಷೆಯೆಂದು ಭಾವಿಸಬಾರದು. ಗಂಟೆಗೆ 6 ಮಿಲಿಗ್ರಾಂ ಕೆಲವರಿಗೆ ಏನೂ ಅಲ್ಲ, ಮುಪ್ಪಿನವರಿಗೆ ಅಪಾಯ. ನಿಜವಾದ ರಕ್ಷೆ ಯಂತ್ರದಲ್ಲಿಲ್ಲ, ರೋಗಿಯ ಬೆರಳಿನಲ್ಲಿದೆ. ಮಾರ್ಫಿನ್ ಹೆಚ್ಚಾದಾಗ ಉಸಿರು ಮಂದವಾಗುವುದಕ್ಕೆ ಮೊದಲು ಸಾಮಾನ್ಯವಾಗಿ ಮಂಪರು ಕವಿಯುತ್ತದೆ. ಮಂಪರು ಕವಿದವರು ಗುಂಡಿ ಒತ್ತುವುದಿಲ್ಲ. ಒತ್ತದಿದ್ದರೆ ಮದ್ದು ಹೋಗುವುದಿಲ್ಲ, ಹೋದದ್ದು ಮೆಲ್ಲನೆ ಕರಗುತ್ತದೆ, ಎಚ್ಚರವಾಗುತ್ತದೆ. ಆದುದರಿಂದಲೇ, ಈ ಮದ್ದಿಗೆ ಮೈ ಒಗ್ಗದವರಿಗೆ ಒತ್ತದಿದ್ದರೂ ಸದಾ ಹನಿಹನಿಯಾಗಿ ಹರಿಯುವಂತೆ ಯಂತ್ರವನ್ನು ಹೂಡುವುದಕ್ಕೆ ವೈದ್ಯರು ಹಿಂಜರಿಯುತ್ತಾರೆ.

ಈಗ ಮಗಳ ಪ್ರಶ್ನೆಗೆ ಬರೋಣ. ತಾಯಿಯ ಬೆರಳು ಮಲಗಿದೆ. ಮಗಳ ಬೆರಳಿಗೆ ಮಂಪರು ಬರುವುದಿಲ್ಲ. ಅವಳು ಒತ್ತಿದಾಗಲೆಲ್ಲ ಯಂತ್ರ ಅದು ತಾಯಿಯೇ ಎಂದು ನಂಬಿ ಮದ್ದನ್ನು ತಳ್ಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ: ಸಂಕಟ ಮಗಳದು, ಮಾರ್ಫಿನ್ ತಾಯಿಗೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮನ್ನಣೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆ ಇದನ್ನು ಕುರಿತೇ 2004ರ ಡಿಸೆಂಬರಿನಲ್ಲಿ ಎಚ್ಚರಿಕೆಯನ್ನು ಹೊರಡಿಸಬೇಕಾಯಿತು. ಬಂಧುಗಳು ಅಕ್ಕರೆಯಿಂದ ಒತ್ತಿದ ಗುಂಡಿಯಿಂದ ಪ್ರಾಣಗಳು ಹೋಗಿದ್ದವು. ಹಗಲಿರುಳೂ ಮನೆಯವರೇ ಮಂಚದ ಬಳಿ ಕಾವಲಿರುವ ನಮ್ಮ ಆಸ್ಪತ್ರೆಗಳಲ್ಲಿ ಈ ಮಾತನ್ನು ರೋಗಿಗಿಂತ ಮೊದಲು ಮನೆಯವರಿಗೆ ಹೇಳತಕ್ಕದ್ದು.

ಕೈಕಟ್ಟಿ ಕೂರಬೇಕೆಂದು ಇದರ ಅರ್ಥವಲ್ಲ. ಕರೆದರೆ ಕಣ್ಣು ತೆರೆಯದಷ್ಟು ಮಂಪರಿದ್ದರೆ, ಉಸಿರು ತೀರ ನಿಧಾನವಾದರೆ ಒಡನೆಯೇ ದಾದಿಯನ್ನು ಕೂಗಿ ಕರೆಯಬೇಕು. ಜೋರು ಗೊರಕೆಯನ್ನು ಕೇಳಿ 'ಸದ್ಯ, ಒಳ್ಳೆಯ ನಿದ್ದೆ' ಎಂದು ಸಮಾಧಾನಪಡುವವರಿದ್ದಾರೆ; ಈ ಮದ್ದಿನ ಮೇಲಿರುವವರಲ್ಲಿ ಅದು ಉಸಿರಿನ ಹಾದಿ ಕಟ್ಟುತ್ತಿರುವ ಗುರುತಾಗಿರಬಹುದು. ಮಾರ್ಫಿನ್ನನ್ನು ಎದುರಿಸುವ ನೆಲಾಕ್ಸೋನ್ ಎಂಬ ಮದ್ದು ಉಂಟು. ಆದರೆ ಸಕಾಲದಲ್ಲಿ ಕೊಟ್ಟರಷ್ಟೇ ಅದು ಉಳಿಸುತ್ತದೆ.

ಯಂತ್ರವನ್ನು ಹೊಗಳುವಾಗಲೂ ಮಿತಿ ಬೇಕು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರೆ ಹಳೆಯ ಕ್ರಮಕ್ಕಿಂತ ನೋವು ತುಸು ಕಡಿಮೆ, ರೋಗಿಗಳ ತೃಪ್ತಿ ಹೆಚ್ಚು. ಮದ್ದು ಖರ್ಚಾಗುವುದೂ ತುಸು ಹೆಚ್ಚು, ಮೈತುರಿಕೆಯೂ ಹೆಚ್ಚು. ಸಿರಿಂಜಿನಲ್ಲಿ ಐದು ಪಟ್ಟು ಗಾಢವಾದ ಮದ್ದಿದ್ದು, ಹೊಂದಿಸಿದವರು ಒಂದೆಂದು ತಿಳಿಸಿದರೆ ಯಂತ್ರ ಐದು ಪಟ್ಟು ಕೊಡುತ್ತದೆ. ಅದಕ್ಕೆಂದೇ ಇಬ್ಬರು ದಾದಿಯರು ಸರಿನೋಡಬೇಕೆಂಬ ನಿಯಮ. ಮತಿಭ್ರಮಣೆಯಾದ ವೃದ್ಧರಿಗೂ ಎಳೆಯ ಮಕ್ಕಳಿಗೂ ಇದು ಹೇಳಿಸಿದ್ದಲ್ಲ.

ಇನ್ನೊಂದು ಸಂಗತಿ. ಗುಂಡಿಯು ಇಳಿದ ನೋವನ್ನು ಏರದಂತೆ ಹಿಡಿದಿಡುತ್ತದೆ. ಏರಿದ ನೋವನ್ನು ಇಳಿಸಲು ಅದರ ಒಂದೊಂದು ಮಿಲಿಗ್ರಾಂ ಸಾಲದು. ಆದ್ದರಿಂದಲೇ ಮೊದಲು ವೈದ್ಯರು ತಾವೇ ಮದ್ದು ಕೊಟ್ಟು ನೋವನ್ನು ಹದಕ್ಕೆ ತಂದ ಮೇಲೆ ಗುಂಡಿಯನ್ನು ಕೈಗಿಡುತ್ತಾರೆ. ಮೂರು ಗಂಟೆ ನಿದ್ದೆಮಾಡಿ ಎದ್ದ ತಾಯಿಗೆ ನೋವು ಮರಳಿರುವುದು ಸಹಜ; ಒತ್ತಿಯೂ ಇಳಿಯದಿದ್ದರೆ ಸಂಕೋಚಪಡದೆ ದಾದಿಗೆ ಹೇಳಬೇಕು. ಕೆಮ್ಮುವುದಕ್ಕೆ, ಎದ್ದು ಕೂರುವುದಕ್ಕೆ ಕೆಲವು ನಿಮಿಷ ಮುಂಚೆಯೇ ಒತ್ತಿಕೊಳ್ಳುವುದು ಜಾಣತನ. ನಾಲ್ಕು ದಿನ ಒತ್ತಿದರೆ ಚಟ ಹತ್ತೀತೆಂದು ಹೆದರಿ ನೋವು ನುಂಗುವವರುಂಟು. ವೈದ್ಯರ ಕಣ್ಣೆದುರು ಕೆಲವು ದಿನ ತೆಗೆದುಕೊಂಡವರಿಗೆ ಹಾಗಾಗುವುದು ವಿರಳ.

ಎಚ್ಚರವಾಗುವ ಹೊತ್ತಿಗೆ ಗುಂಡಿಯು ಹಾಸಿಗೆಯ ಸಂದಿಗೋ ಮಂಚದ ಕೆಳಕ್ಕೋ ಜಾರಿರುವುದುಂಟು. ಅದನ್ನು ಹುಡುಕಿ ತಾಯಿಯ ಕೈಗೆ ಕೊಡಲು ಮಗಳಿಗೆ ಯಾವ ಅಡ್ಡಿಯೂ ಇಲ್ಲ.