ಊರಿಗೆ ಹೋಗುವ ರಾತ್ರಿಗೆ ಐದು ನಗು

ಶುಕ್ರವಾರ ಸಂಜೆ ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತುವ ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆಲ್ಲ ಒಂದೇ ಸಮಸ್ಯೆ. ರಾತ್ರಿ ಉದ್ದ, ಸೈಡ್ ಬರ್ತ್ ಗಿಡ್ಡ. ನಿದ್ದೆ ಬರೋದಿಲ್ಲ. ಸಕಲೇಶಪುರ ದಾಟಿದ ಮೇಲಂತೂ ಘಾಟಿ, ಐವತ್ತಕ್ಕೂ ಹೆಚ್ಚು ಸುರಂಗ. ನೆಟ್‌ವರ್ಕ್ ಸುದ್ದಿ ಕೇಳಲೇಬೇಡಿ. ರೀಲ್ಸ್ ಅರ್ಧಕ್ಕೆ ನಿಂತು ಸುತ್ತುತ್ತಾ ಇರುತ್ತೆ. ಆಗ ಕೈಹಿಡಿಯೋದು ಮೊದಲೇ ಡೌನ್‌ಲೋಡ್ ಮಾಡಿಟ್ಟ ಆಡಿಯೋ ಮಾತ್ರ.

"ಕೇಳೋಕೆ ಒಳ್ಳೆ ಕಾಮಿಡಿ ಇದ್ರೆ ಹೇಳಿ" ಅಂತ ಸ್ನೇಹಿತರು ಆಗಾಗ ಮೆಸೇಜ್ ಮಾಡ್ತಾರೆ. ಬಹಳಷ್ಟು ಜನ ಇಂಗ್ಲಿಷ್, ಹಿಂದಿ ಪಾಡ್‌ಕಾಸ್ಟ್‌ಗಳನ್ನೇ ಕೇಳೋದು. ಕನ್ನಡದಲ್ಲಿ ಏನಿದೆ ಅನ್ನೋ ಪ್ರಶ್ನೆಗೆ ಒಂದು ಪಟ್ಟಿ ಮಾಡಿದ್ದೇನೆ. ಪಟ್ಟಿಗೆ ಸೇರಿಸೋಕೆ ಎರಡೇ ರೂಲ್.

ಮೊದಲನೇದು, ಫೋನ್ ಜೇಬಿನಲ್ಲಿಟ್ಟರೂ ನಗು ಬರಬೇಕು. ಮುಖ ನೋಡಿದ್ರೆ ಮಾತ್ರ ನಗು ಬರುವಂಥದ್ದು ಈ ಪಟ್ಟಿಗಲ್ಲ. ಎರಡನೇದು, ನಾವು ಯಾರನ್ನು ನೋಡಿ ನಗ್ತಾ ಇದ್ದೇವೆ ಅಂತ ಕೇಳಿಕೊಂಡರೆ ಮುಜುಗರ ಆಗಬಾರದು. ಈ ಎರಡನೇ ರೂಲ್ ಯಾಕೆ ಅಂತ ಮುಂದೆ ಹೇಳ್ತೇನೆ.

1. ತಲೆ-ಹರಟೆ: ಹಾಸನದವರೆಗೆ

ತಲೆ-ಹರಟೆ ಕನ್ನಡ ಪಾಡ್‌ಕಾಸ್ಟ್ ಅಪ್ಪಟ ಕಾಮಿಡಿ ಅಲ್ಲ. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ, ಸೂರ್ಯ ಪ್ರಕಾಶ್ ಮೈಕ್ ಮುಂದೆ ಕೂತು ಅತಿಥಿಗಳ ಜೊತೆ ಮಾಡುವ ಹರಟೆ. ವಿಷಯ ಸಿನಿಮಾದಿಂದ ಹಿಡಿದು ವಿಜ್ಞಾನದವರೆಗೆ ಏನು ಬೇಕಾದರೂ ಇರಬಹುದು. ಇಲ್ಲಿ ನಗು ಜೋಕಿನಿಂದ ಬರೋದಿಲ್ಲ, ಮಾತಿನ ಓಟದಿಂದ ಬರುತ್ತೆ. ಓದಿದವರು ಸೀರಿಯಸ್ ವಿಷಯವನ್ನು ಕನ್ನಡದಲ್ಲೇ, ಗಂಟಲು ಸರಿಮಾಡಿಕೊಳ್ಳದೆ ಮಾತಾಡಬಹುದು ಅಂತ ತೋರಿಸಿದ ಕಾರ್ಯಕ್ರಮ ಇದು. ಆಫೀಸಿನ ಸುಸ್ತು ಇಳಿಯೋದಕ್ಕೆ ಮೊದಲು ಇದನ್ನೇ ಹಾಕಿ.

2. ಲೋಲ್‌ಬಾಗ್: ಎಚ್ಚರ ತಪ್ಪುವ ಹೊತ್ತಿಗೆ

ಬೆಂಗಳೂರಿನಲ್ಲಿ ಕನ್ನಡ ಸ್ಟ್ಯಾಂಡ್‌ಅಪ್‌ಗೆ ಜನ ಟಿಕೆಟ್ ತಗೊಂಡು ಬರ್ತಾರೆ ಅಂತ ತೋರಿಸಿಕೊಟ್ಟವರಲ್ಲಿ ಲೋಲ್‌ಬಾಗ್ ತಂಡದವರಿದ್ದಾರೆ. ಇವರ ಯೂಟ್ಯೂಬ್ ವಿಡಿಯೋಗಳನ್ನು ಸ್ಕ್ರೀನ್ ಆಫ್ ಮಾಡಿ ಕೇಳಿದರೂ ಏನೂ ಲಾಸ್ ಇಲ್ಲ. ಬಾಡಿಗೆ ಮನೆ, ಟ್ರಾಫಿಕ್, ಇಂಜಿನಿಯರಿಂಗ್, ಮದುವೆ ಮಾತುಕತೆ, ಹೀಗೆ ನಮ್ಮದೇ ವಯಸ್ಸಿನವರ ಬದುಕು. ಹತ್ತು ನಿಮಿಷದ ತುಂಡುಗಳಾದ್ದರಿಂದ ಟಿಸಿ ಬಂದು ಎಬ್ಬಿಸಿದರೂ ಕತೆ ತಪ್ಪಿಹೋಗಲ್ಲ.

3. ಮಾಸ್ಟರ್ ಹಿರಣ್ಣಯ್ಯ: ಸುರಂಗದ ಹೊತ್ತಿಗೆ

ಅಪ್ಪಂದಿರ ಕಾಲದ ಪಾಡ್‌ಕಾಸ್ಟ್ ಅಂದ್ರೆ ಕ್ಯಾಸೆಟ್. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ', 'ಮಕ್ಮಲ್ ಟೋಪಿ' ನಾಟಕಗಳನ್ನು ಕಣ್ಣಿಗಿಂತ ಹೆಚ್ಚು ಕಿವಿಯಿಂದ ನೋಡಿದ ತಲೆಮಾರು ಅದು. 1934ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಹಿರಣ್ಣಯ್ಯ ನಾಟಕದ ಮಧ್ಯೆ ಅಂದಿನ ಪೇಪರಿನ ಸುದ್ದಿಯನ್ನೇ ಎತ್ತಿಕೊಂಡು ಅಧಿಕಾರದಲ್ಲಿ ಇದ್ದವರಿಗೆ ಬಾರಿಸ್ತಿದ್ರು. ಲಂಚದ ಫೈಲು ಈಗ ಆನ್‌ಲೈನ್ ಆಗಿದೆ, ಆದ್ರೆ ಮಾತುಗಳು ಹಳತಾಗಿಲ್ಲ. ಕೆಲವು ಕಡೆ ಹೆಂಗಸರ ಬಗ್ಗೆ ಇರುವ ತಮಾಷೆ ಇವತ್ತು ಕಿವಿಗೆ ಚುಚ್ಚುತ್ತೆ. ಅದನ್ನು ಗೊತ್ತಿಟ್ಟುಕೊಂಡೇ ಕೇಳಿ.

4. ಮನು ಹಂದಾಡಿ: ಕುಂದಾಪುರ ಹತ್ತಿರ ಬಂದಾಗ

ಈಗ ಎರಡನೇ ರೂಲಿಗೆ ಬರ್ತೇನೆ.

ನಮ್ಮೂರು ಬೆಳಕೆ ಭಟ್ಕಳ ತಾಲೂಕಿನ ದಕ್ಷಿಣದ ಕಡೆಗಿದೆ. ಮುಂದೆ ಶಿರೂರು, ಅಂದ್ರೆ ಉಡುಪಿ ಜಿಲ್ಲೆ, ಕುಂದಾಪ್ರ ಕನ್ನಡದ ಸೀಮೆ. ಮಾತು ಜಿಲ್ಲೆಯ ಬೋರ್ಡ್ ನೋಡಿ ನಿಲ್ಲೋದಿಲ್ಲವಲ್ಲ, ಹಾಗಾಗಿ ಆ ಕಡೆಯ ಗಾಳಿ ನಮ್ಮ ಬಾಯಲ್ಲೂ ಇದೆ. ಬೆಂಗಳೂರಿಗೆ ಬಂದ ಹೊಸತರಲ್ಲಿ ನಾನು "ಎಂತ?" ಅಂದರೆ ಸಾಕು, ಟೀಮಿನವರು ನಗೋರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. "ಇನ್ನೊಂದ್ಸಲ ಹೇಳು, ಮಜಾ ಇದೆ" ಅನ್ನೋರು. ಸಿನಿಮಾದಲ್ಲಿ ಕರಾವಳಿಯ ಪಾತ್ರ "ಎಂತ ಮಾರಾಯ" ಅಂತ ಬಾಯಿಬಿಟ್ಟ ಕೂಡಲೇ ಥಿಯೇಟರ್ ನಗ್ತಿತ್ತಲ್ಲ, ಅದೇ ನಗು. ಆರು ತಿಂಗಳಲ್ಲಿ ನನ್ನ "ಎಂತ" ಹೋಗಿ "ಏನು" ಬಂತು. ಮೀಟಿಂಗಿಗೆ ಒಂದು ಕನ್ನಡ, ಅಮ್ಮನ ಫೋನಿಗೆ ಒಂದು ಕನ್ನಡ. ಇದು ನನ್ನೊಬ್ಬನ ಕತೆ ಅಲ್ಲ. ಹುಬ್ಬಳ್ಳಿಯವರನ್ನು ಕೇಳಿ, ಚಾಮರಾಜನಗರದವರನ್ನು ಕೇಳಿ, ಇದನ್ನೇ ಹೇಳ್ತಾರೆ.

ಮನು ಹಂದಾಡಿ ಅವರ ಕುಂದಾಪ್ರ ಕನ್ನಡದ ಭಾಷಣಗಳನ್ನು ಕೇಳಿದಾಗ ವ್ಯತ್ಯಾಸ ಗೊತ್ತಾಗುತ್ತೆ. ಎದುರಿಗೆ ಕೂತ ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ, ಆದರೆ ಭಾಷೆಗೆ ನಗೋದಿಲ್ಲ, ಭಾಷೆಯೊಳಗೆ ಕೂತು ನಗ್ತಾರೆ. ಹಳೇ ಮನೆಯ ಜಗಲಿ, ಊಟದ ಹೆಸರುಗಳು, ಅಜ್ಜಿಯರ ಬೈಗುಳ, ಈಗ ಯಾರೂ ಬಳಸದ ಶಬ್ದಗಳು, ಇವೇ ಅವರ ಸಾಮಾನು. ಒಂದು ಹಳೇ ಪದ ಬಿದ್ದ ಕೂಡಲೇ ಸಭೆಯಲ್ಲಿ ಏಳುವ ನಗುವಿನಲ್ಲಿ "ಇದು ನಮ್ಮನೇದು" ಅನ್ನುವ ಗುರುತು ಇದೆ. ಈಗೀಗ ಆಸಾಡಿ ಅಮಾವಾಸ್ಯೆಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸ್ತಾರೆ. 2022ರಲ್ಲಿ ಬಂದ 'ಕಾಂತಾರ' ಸಿನಿಮಾದಲ್ಲಿ ಊರಿನ ಹುಡುಗರು ತಮ್ಮ ಮಾತಲ್ಲೇ ತಮಾಷೆ ಮಾಡಿದ್ದನ್ನು ಇಡೀ ರಾಜ್ಯ ನೋಡಿತು. ಅಲ್ಲಿ ಉಚ್ಚಾರಣೆ ಜೋಕ್ ಆಗಿರಲಿಲ್ಲ, ಜೋಕ್ ಹೇಳುವವರ ಸಹಜ ಮಾತಾಗಿತ್ತು.

5. ಯಕ್ಷಗಾನದ ಹಾಸ್ಯಗಾರರು: ಊರು ಬರುವ ತನಕ

ಕೊನೆಗೆ ನನ್ನ ನಂಬರ್ ಒನ್. "ಯಕ್ಷಗಾನ ನೋಡೋದಲ್ವಾ, ಕೇಳೋದು ಹೇಗೆ?" ಅನ್ನಬಹುದು. ಹಾಸ್ಯವನ್ನು ಕೇಳಿಯೇ ನೋಡಿ.

ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಇರೋದು ಪದ್ಯ ಮಾತ್ರ. ಮಾತು ಕಲಾವಿದನೇ ಸ್ಥಳದಲ್ಲಿ ಕಟ್ಟಬೇಕು. ಇವತ್ತು ಇಂಪ್ರೂವ್ ಕಾಮಿಡಿ ಅಂತ ಕ್ಲಾಸಿಗೆ ದುಡ್ಡು ಕೊಟ್ಟು ಕಲೀತಾರಲ್ಲ, ಅದನ್ನು ನಮ್ಮ ಹಾಸ್ಯಗಾರರು ಬಯಲಲ್ಲಿ, ನಿದ್ದೆಗಣ್ಣಿನ ಪ್ರೇಕ್ಷಕರ ಎದುರು, ರಾತ್ರಿ ಎರಡು ಗಂಟೆಗೆ ಮಾಡ್ತಾ ಬಂದಿದ್ದಾರೆ. ರಾಜ, ಮಂತ್ರಿ, ಋಷಿ ಎಲ್ಲರೂ ಗ್ರಂಥದ ಕನ್ನಡದಲ್ಲಿ ಮಾತಾಡುವ ರಂಗದ ಮೇಲೆ ಊರಿನ ಕನ್ನಡ ಆಡುವ ಹಕ್ಕು ಇರೋದು ಬಹುತೇಕ ಹಾಸ್ಯಗಾರನಿಗೆ. ದೂತ, ಸೇವಕ, ಮುದುಕಿ, ಬಡ ಬ್ರಾಹ್ಮಣ ಅಂತ ಅವನಿಗೆ ಸಿಗೋದು ಸಣ್ಣ ಪಾತ್ರಗಳೇ. ಆದರೆ ರಾಜನ ಮುಖದೆದುರು ರಾಜನನ್ನು ಕಿಚಾಯಿಸುವವನು ಅವನೇ. ಅಂದ್ರೆ ಇಲ್ಲಿ ಲೆಕ್ಕ ಉಲ್ಟಾ: ಊರ ಮಾತಿನವನು ನಗೆಪಾಟಲಾಗೋದಿಲ್ಲ, ದೊಡ್ಡ ಮಾತಿನವನು ಆಗ್ತಾನೆ.

ಹೊಸಬರು 'ಹರಿಶ್ಚಂದ್ರ' ಪ್ರಸಂಗದ ನಕ್ಷತ್ರಿಕನಿಂದ ಶುರು ಮಾಡಿ. ವಿಶ್ವಾಮಿತ್ರನ ಸಾಲ ವಸೂಲಿಗೆ ಹರಿಶ್ಚಂದ್ರನ ಬೆನ್ನು ಹತ್ತಿ ಹೊರಟವನು. ಕಾಡಲ್ಲಿ ಕಾಲು ನೋವು ಅಂತಾನೆ, ಹಸಿವು ಅಂತಾನೆ, ಮತ್ತೆ ದುಡ್ಡು ಎಲ್ಲಿ ಅಂತಾನೆ. ಇಎಂಐ ತಪ್ಪಿದ ತಿಂಗಳು ಬರುವ ಫೋನ್ ಕಾಲ್ ನೆನಪಾಗದಿದ್ದರೆ ಕೇಳಿ. ನಗ್ತಾ ನಗ್ತಾ ಹರಿಶ್ಚಂದ್ರನ ಕಷ್ಟ ಎಷ್ಟಿತ್ತು ಅನ್ನೋದು ಎದೆಗೆ ತಾಗುತ್ತೆ. ಆಮೇಲೆ 'ಭೀಷ್ಮ ವಿಜಯ'ದಲ್ಲಿ ಅಂಬೆಯನ್ನು ಸಾಲ್ವನಲ್ಲಿಗೆ ಕರೆದುಕೊಂಡು ಹೋಗುವ ಮುದಿ ಬ್ರಾಹ್ಮಣನ ಭಾಗ ಹುಡುಕಿ. ಒಳ್ಳೆಯ ಹಾಸ್ಯಗಾರ ಇಲ್ಲಿ ನಗಿಸಿದಷ್ಟೂ ಮುಂದೆ ಬರುವ ಅಂಬೆಯ ದುಃಖ ಭಾರವಾಗುತ್ತೆ.

ಯಾರನ್ನು ಕೇಳಬೇಕು? ನಮ್ಮ ಕಡೆಯವರೇ ಇದ್ದಾರೆ. ಹೊನ್ನಾವರ ತಾಲೂಕಿನ ಕಾಸರಕೋಡು ಶ್ರೀಧರ ಭಟ್, ಕುಮಟಾ ಕಡೆಯ ಮೂರೂರು ರಮೇಶ ಭಂಡಾರಿ. ಕಾಸರಕೋಡು ಅಂತ ಟೈಪ್ ಮಾಡಿದರೆ ಫೋನ್ ಕಾಸರಗೋಡು ಅಂತ ತಿದ್ದುತ್ತೆ, ಒಪ್ಪಬೇಡಿ. ಹಳೆಯ ತಲೆಮಾರಿನ ಕುಂಜಾಲು ರಾಮಕೃಷ್ಣ, ಹಾಲಾಡಿ ಕೊಗ್ಗ ಅವರ ಹೆಸರು ಹೇಳಿ ನೋಡಿ, ಮನೆಯ ಹಿರಿಯರು ಫೋನ್ ಕಸ್ಕೊಂಡು ತಾವೇ ಹುಡುಕೋಕೆ ಶುರು ಮಾಡ್ತಾರೆ. ನಮ್ಮ ಕಡೆ ಯಕ್ಷಗಾನ ಅಂದ ಕೂಡಲೇ ಚಿಟ್ಟಾಣಿಯವರ ಕುಣಿತ, ಕೆರೆಮನೆಯವರ ಅಭಿನಯ ನೆನಪಾಗೋದು ಸಹಜ. ಆದರೆ ಆ ದೊಡ್ಡ ವೇಷಗಳ ಪಕ್ಕದಲ್ಲಿ ನಿಂತು ಸಮಕ್ಕೆ ಸಮ ಮಾತು ಕೊಟ್ಟವರಿಗೂ ಒಂದು ಪ್ಲೇಲಿಸ್ಟ್ ಸಲ್ಲಬೇಕು.

ಇದರ ಜೊತೆಗೇ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ವಾದಕ್ಕಿಳೀತಾರೆ. ಮೈಕ್ ಹಿಡಿದು ಇಬ್ಬರು ಮೂರು ತಾಸು ಮಾತಾಡೋದು ಅಂದ್ರೆ ಅದು ಪಾಡ್‌ಕಾಸ್ಟ್ ಅಲ್ಲದೆ ಇನ್ನೇನು? 'ಕರ್ಣಪರ್ವ'ದಲ್ಲಿ ಸಾರಥಿ ಶಲ್ಯ ತನ್ನ ರಥದಲ್ಲೇ ಕೂತ ಕರ್ಣನನ್ನು ಚುಚ್ಚುವ ಭಾಗ ಕೇಳಿ. ಸ್ಪ್ರಿಂಟ್ ಮಧ್ಯೆ ಟೀಮಿನವರೇ ಕಾಲೆಳೆಯೋದು ಏನೂ ಹೊಸತಲ್ಲ ಅಂತ ಸಮಾಧಾನ ಆಗುತ್ತೆ. ಹಿಂದಿನವರಲ್ಲಿ ಶೇಣಿ ಗೋಪಾಲಕೃಷ್ಣ ಭಟ್, ಈಗಿನವರಲ್ಲಿ ಉಮಾಕಾಂತ ಭಟ್ ಕೆರೇಕೈ, ವಾಸುದೇವ ರಂಗಾ ಭಟ್, ಜಬ್ಬಾರ್ ಸಮೊ ಅವರ ರೆಕಾರ್ಡಿಂಗ್‌ಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಒಂದು ವಿನಂತಿ: ದಯವಿಟ್ಟು 1.5 ಸ್ಪೀಡಿನಲ್ಲಿ ಕೇಳಬೇಡಿ. ಇಲ್ಲಿ ನಗು ಇರೋದು ಎದುರಾಳಿ ಉತ್ತರ ಕೊಡುವ ಮುಂಚಿನ ಆ ಎರಡು ಸೆಕೆಂಡಿನ ಮೌನದಲ್ಲಿ.

ಆರನೇ ಜಾಗ ಖಾಲಿ ಇದೆ

ಪಟ್ಟಿ ಮುಗೀತು. ಇದರಲ್ಲಿ ಬೆಂಗಳೂರಿನ ಕನ್ನಡ ಇದೆ, ಮೈಸೂರಿನದ್ದು ಇದೆ, ಕುಂದಾಪುರದ್ದು ಇದೆ, ಪುರಾಣದ್ದೂ ಇದೆ. ಬೆಳಕೆಯಿಂದ ಕುಮಟಾದವರೆಗಿನ ನಮ್ಮ ದಿನನಿತ್ಯದ ಮಾತಿನ ಪಾಡ್‌ಕಾಸ್ಟ್ ನನ್ನ ಫೋನಿನಲ್ಲಿ ಇನ್ನೂ ಇಲ್ಲ. ಇಷ್ಟು ಸಣ್ಣ ಜಾಗದಲ್ಲಿ ಎಷ್ಟೊಂದು ನಮೂನೆಯ ಮಾತು ನೋಡಿ: ಹಾಲಕ್ಕಿಗಳ ಕನ್ನಡ, ಹವ್ಯಕರ ಕನ್ನಡ, ನಾಮಧಾರಿಗಳ ಕನ್ನಡ, ಖಾರ್ವಿಗಳ ಕೊಂಕಣಿ, ಭಟ್ಕಳ ಪೇಟೆಯ ನವಾಯತಿ. ಮೀನು ಮಾರ್ಕೆಟಿನಲ್ಲಿ ಐದು ನಿಮಿಷ ನಿಂತರೆ ಇದರಲ್ಲಿ ಮೂರಾದರೂ ಕಿವಿಗೆ ಬೀಳುತ್ತೆ. ಪ್ರತಿಯೊಂದಕ್ಕೂ ತನ್ನದೇ ಕಿಚಾಯಿಸುವ ಶೈಲಿ ಇದೆ. ಅದು ಪುಸ್ತಕದಲ್ಲಿ ಬರೆದಿಟ್ಟರೆ ಉಳಿಯುವಂಥದ್ದಲ್ಲ, ದನಿ ಇದ್ದರೆ ಮಾತ್ರ ಉಳಿಯುತ್ತೆ. ಆ ದನಿಯವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ.

ನಾವೆಲ್ಲ ಟೆಕ್ನಾಲಜಿ ಗೊತ್ತಿರುವವರು. ಇದಕ್ಕೆ ಸ್ಟುಡಿಯೋ ಬೇಡ. ಈ ಸಲ ಊರಿಗೆ ಹೋದಾಗ ಮನೆಯಲ್ಲಿ ಮಾತಿಗೆ ಹೆಸರಾದ ಅಜ್ಜಿಯನ್ನೋ, ದೊಡ್ಡಪ್ಪನನ್ನೋ ಕೂರಿಸಿ. ರೆಕಾರ್ಡ್ ಮಾಡ್ತೇನೆ ಅಂತ ಮೊದಲೇ ಹೇಳಿ, ಒಪ್ಪಿಗೆ ತಗೊಳ್ಳಿ. ಬಟ್ಟೆ, ಹಾಸಿಗೆ ಇರುವ ಕೋಣೆ ಆರಿಸಿ, ದನಿ ಗುಂಯ್‌ಗುಡೋದಿಲ್ಲ. ಫ್ಯಾನ್ ಆಫ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಅವರ ಬಾಯಿಂದ ಒಂದು ಗೇಣು ದೂರದಲ್ಲಿ, ಮಡಿಸಿದ ಟವೆಲ್ ಮೇಲೆ ಇಡಿ. "ಏನಾದ್ರೂ ಜೋಕ್ ಹೇಳಿ" ಅಂತ ಮಾತ್ರ ಕೇಳಬೇಡಿ, ಬಾಯಿ ಕಟ್ಟಿಹೋಗುತ್ತೆ. "ನಿಮ್ಮ ಮದುವೆ ದಿಬ್ಬಣ ಹೊಳೆ ದಾಟಿದ್ದು ಹೇಗೆ?", "ಆಟಕ್ಕೆ ಕದ್ದು ಹೋಗಿದ್ದು ಯಾವಾಗ?" ಅಂತ ಕೇಳಿ. ನಗು ತಾನಾಗಿ ಬರುತ್ತೆ. ಮಧ್ಯೆ ನೀವು "ಎಂತ?" ಅಂದಿದ್ದು ರೆಕಾರ್ಡ್ ಆದರೆ ಎಡಿಟ್ ಮಾಡಬೇಡಿ, ಹಾಗೇ ಇರಲಿ.

ಎಲ್ಲವನ್ನೂ ಅಪ್‌ಲೋಡ್ ಮಾಡಲೇಬೇಕು ಅಂತಿಲ್ಲ. ಮನೆಯ ಗ್ರೂಪಿಗೆ ಹಾಕಿದರೂ ಸಾಕು. ಒಬ್ಬರು ಹತ್ತು ನಿಮಿಷ ಮಾಡಿದರೆ, ಆರನೇ ಜಾಗಕ್ಕೆ ಒಂದು ಎಪಿಸೋಡ್ ಸಿಕ್ಕ ಹಾಗೆ.

ಅಲ್ಲಿತನಕ ಐದನ್ನು ಕೇಳ್ತಾ ಇರಿ. ಟಿಕೆಟ್ ಬುಕ್ ಮಾಡುವಾಗಲೇ ಡೌನ್‌ಲೋಡ್ ಬಟನ್ ಒತ್ತೋದು ಮರೀಬೇಡಿ ಮಾರಾಯ್ರೆ. ಮತ್ತೆ ರಾತ್ರಿ ಮೇಲಿನ ಬರ್ತಿನಲ್ಲಿ ಯಾರೋ ಒಬ್ಬರೇ ಕಿಸಕ್ಕಂತ ನಕ್ಕರೆ ಬೈಬೇಡಿ. ಯಾವ ಪ್ರಸಂಗ ಅಂತ ಕೇಳಿ.